ಗುಹ್ಯಾಂಗದ ನರಹುಲಿ: ಯಾರಿಗೆ ಯಾವ ಚಿಕಿತ್ಸೆ?



ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೇಳುವ ಬಾನುಲಿಯಲ್ಲಿ ಗುಹ್ಯಾಂಗದ ವ್ಯಾಧಿಯೊಂದನ್ನು ಕುರಿತು ಮಾತನಾಡುವುದು ಸಂಕೋಚದ ಕೆಲಸವೆಂಬುದು ನಿಜ. ಆದರೆ ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗಗಳಿಗೆ ಗ್ಯಾರಂಟಿ ಚಿಕಿತ್ಸೆ’ ಎಂಬ ಚೀಟಿಗಳನ್ನಂಟಿಸುವವರ ವ್ಯಾಪಾರವು ಈ ಸಂಕೋಚದ ನೆರಳಿನಲ್ಲಿಯೇ ಹುಲುಸಾಗಿ ಬೆಳೆದಿರುವುದೂ ಅಷ್ಟೇ ನಿಜವಾದುದರಿಂದ, ಇಂದು ನನಗೆ ದೊರೆತಿರುವ ಕಾಲಾವಕಾಶದಲ್ಲಿ ಗುಹ್ಯಾಂಗದ ನರಹುಲಿಗಳಿಗೆ ಈಗ ಪ್ರಚಾರದಲ್ಲಿರುವ ಚಿಕಿತ್ಸೆಗಳಾವುವು, ಅವುಗಳ ಗುಣದೋಷಗಳೇನು, ಯಾರಿಗೆ ಯಾವುದು ಹಿತವಾದೀತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಒಪ್ಪಿಕೊಂಡಿದ್ದೇನೆ.

ಈ ನರಹುಲಿಗೆ ಕಾರಣವಾದುದು ಎಚ್‌ಪಿವಿ ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ಹ್ಯೂಮನ್ ಪ್ಯಾಪಿಲೋಮಾ ವೈರಾಣು. ಇದರ ಇನ್ನೂರಕ್ಕೂ ಮಿಕ್ಕ ಪ್ರಭೇದಗಳಲ್ಲಿ 6 ಮತ್ತು 11ನೆಯ ಸಂಖ್ಯೆಯವು ನೂರಕ್ಕೆ 90ರಷ್ಟು ಗುಹ್ಯಾಂಗದ ನರಹುಲಿಗಳಿಗೆ ಹೊಣೆಯಾಗಿವೆ. ಸ್ತ್ರೀಯರ ಗರ್ಭಕೊರಳಿನ ಕ್ಯಾನ್ಸರಿಗೆ ಬಹುಮಟ್ಟಿಗೆ ಕಾರಣವಾದ 16 ಮತ್ತು 18ನೆಯ ಪ್ರಭೇದಗಳು ಅದೇ ಕುಲದವಾದರೂ ಬೇರೆಯವು. ಈ ಭೇದವನ್ನು ಬಿಡಿಸಿ ತೋರಿಸಿದ ಸಾಹಸದಲ್ಲಿ ಮುಂದಾಳಾಗಿದ್ದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆದುದರಿಂದ ನರಹುಲಿ ಕಾಣಿಸಿಕೊಂಡ ಮಾತ್ರಕ್ಕೆ ಕ್ಯಾನ್ಸರ್ ಬಂತೆಂದು ಕಂಗೆಡುವುದು ಅನವಶ್ಯಕ. ಎರಡು ಬಗೆಯ ಪ್ರಭೇದಗಳೂ ಒಬ್ಬರಲ್ಲಿಯೇ ಇರುವುದು ಸಾಧ್ಯವಾದುದರಿಂದ, ಸ್ತ್ರೀಯರು ಗರ್ಭಕೊರಳಿನ ಪರೀಕ್ಷೆಯನ್ನು ಎಲ್ಲರಂತೆ ಕಾಲಕಾಲಕ್ಕೆ ಮಾಡಿಸಿಕೊಳ್ಳತಕ್ಕದ್ದು, ಅಷ್ಟೆ.

ಇದು ಸಂಭೋಗದಿಂದ ಹರಡುವ ರೋಗವೆಂಬ ತಿಳಿವಳಿಕೆಯು ದೃಢಪಟ್ಟದ್ದು ತೀರ ಹಿಂದೇನೂ ಅಲ್ಲ. ಬಹುಕಾಲ ಇದನ್ನು ಅಶೌಚದ ಫಲವೆಂದೋ ಬೇರೆ ಮೇಹರೋಗಗಳ ಸ್ರಾವದಿಂದ ಹುಟ್ಟಿದ್ದೆಂದೋ ಭಾವಿಸುತ್ತಿದ್ದರು. ಕೊರಿಯಾ ಯುದ್ಧದಿಂದ ಹಿಂದಿರುಗಿದ ಅಮೆರಿಕದ ಸೈನಿಕರ ಹೆಂಡಂದಿರಲ್ಲಿ, ಗಂಡಂದಿರು ಮನೆಗೆ ಬಂದ ಕೆಲವೇ ವಾರಗಳಲ್ಲಿ ನರಹುಲಿಗಳು ಮೂಡಿದುದನ್ನು 1954ರಲ್ಲಿ ವೈದ್ಯರು ವರದಿ ಮಾಡಿದ ಮೇಲೆ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಸೋಂಕು ತಗುಲಿದ ಬಳಿಕ ನರಹುಲಿ ಕಾಣುವುದಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು, ಒಮ್ಮೊಮ್ಮೆ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯಬಹುದು. ವೈರಾಣುವನ್ನು ಹೊತ್ತೂ ಎಂದೆಂದಿಗೂ ನರಹುಲಿಯನ್ನು ಕಾಣದವರೇ ಹೆಚ್ಚು. ಇಂತಿರುವಾಗ ‘ಯಾರಿಂದ ಯಾರಿಗೆ ಬಂತು’ ಎಂಬ ಪಂಚಾಯಿತಿಯನ್ನು ಮನೆಯ ಜಗಲಿಯ ಮೇಲೆ ನಡೆಸುವುದು ವ್ಯರ್ಥ. ಅದಕ್ಕೆ ತೀರ್ಪು ಕೊಡುವ ಪರೀಕ್ಷೆ ಯಾವ ಪ್ರಯೋಗಾಲಯದಲ್ಲಿಯೂ ಇಲ್ಲ.

ಚಿಕಿತ್ಸೆಗಳನ್ನು ಹೋಲಿಸುವ ಮೊದಲು ಒಂದು ಮಾತನ್ನು ಮನದಟ್ಟು ಮಾಡಿಕೊಳ್ಳಬೇಕು. ನಮ್ಮಲ್ಲಿರುವ ಯಾವ ಔಷಧವೂ ಯಾವ ಶಸ್ತ್ರವೂ ವೈರಾಣುವನ್ನು ದೇಹದಿಂದ ಹೊರಗಟ್ಟುವುದಿಲ್ಲ. ಹೆಚ್ಚಿನವು ಕಣ್ಣಿಗೆ ಕಾಣುವ ಗಂಟನ್ನು ತೆಗೆಯುವವೇ ಹೊರತು, ಸುತ್ತಲಿನ ನಯವಾದ ಚರ್ಮದಲ್ಲಿ ಅಡಗಿರುವ ಸೋಂಕನ್ನು ಮುಟ್ಟುವುದಿಲ್ಲ. ಹೊಲದ ಬದುವಿನ ಗರಿಕೆಯನ್ನು ಕುಡುಗೋಲಿನಿಂದ ಸವರಿದಂತೆ ಈ ಕೆಲಸ. ಬೇರಿನ ಲೆಕ್ಕವನ್ನು ಚುಕ್ತಾ ಮಾಡತಕ್ಕದ್ದು ರೋಗಿಯ ಮೈಯಲ್ಲಿರುವ ರೋಗನಿರೋಧಕ ಶಕ್ತಿ. ಮತ್ತು ಅದು ಬಹುಜನರಲ್ಲಿ ತಿಂಗಳುಗಳಲ್ಲೋ ಒಂದೆರಡು ವರ್ಷಗಳಲ್ಲೋ ಆ ಕೆಲಸವನ್ನು ಮಾಡಿಯೇ ಮಾಡುತ್ತದೆ. ದೇವಸ್ಥಾನದ ಕಲ್ಯಾಣಿಗೆ ಉಪ್ಪು ಬೆಲ್ಲ ಹಾಕಿ ಹರಕೆ ತೀರಿಸಿದ ಮೇಲೆ ಕೈಕಾಲಿನ ನರಹುಲಿ ಉದುರಿಹೋಯಿತೆಂದು ನಮ್ಮ ಹಿರಿಯರು ಹೇಳುವುದು ಸುಳ್ಳಲ್ಲ. ಉದುರಿದ್ದು ನಿಜ, ಉದುರಿಸಿದವರಾರೆಂಬುದು ಮಾತ್ರ ಬೇರೆ ಪ್ರಶ್ನೆ. ಔಷಧವೇ ಇಲ್ಲದ ಬರಿಯ ಮುಲಾಮನ್ನು ಕೆಲವರಿಗೆ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿಯೂ ಒಂದಷ್ಟು ಜನರ ನರಹುಲಿ ಮಾಯವಾದದ್ದುಂಟು. ಹೀಗಿರುವುದರಿಂದ ‘ನನ್ನ ಔಷಧದಿಂದ ವಾಸಿಯಾಯಿತು’ ಎಂಬ ಮಾತನ್ನು, ಹೇಳುವವನು ಯಾರೇ ಆಗಿರಲಿ, ಸ್ವಲ್ಪ ತೂಗಿ ನೋಡಬೇಕು. ‘ಬುಡಸಹಿತ ಕಿತ್ತುಹಾಕುತ್ತೇನೆ’ ಎಂಬ ಮಾತನ್ನಂತೂ ನಂಬಲೇ ಕೂಡದು.

ಇನ್ನು, ಕಂಡದ್ದೆಲ್ಲ ನರಹುಲಿಯಲ್ಲ. ಶಿಶ್ನದ ತಲೆಯ ಅಂಚಿನಲ್ಲಿ ಸಾಲಾಗಿ ಮುತ್ತು ಪೋಣಿಸಿದ ಹಾಗೆ ಇರುವ ಸಣ್ಣ ಬೊಕ್ಕೆಗಳು ಅನೇಕ ತರುಣರಲ್ಲಿ ಸಹಜ. ಅವಕ್ಕೆ ಚಿಕಿತ್ಸೆ ಬೇಡ. ಇದಕ್ಕೆ ತದ್ವಿರುದ್ಧವಾಗಿ, ಚಪ್ಪಟೆಯಾಗಿ, ತೇವದಿಂದ ಕೂಡಿ, ಬೂದುಬಿಳುಪಾಗಿ ಕಾಣುವ ಗಂಟುಗಳು ಸಿಫಿಲಿಸ್ ರೋಗದ ಎರಡನೆಯ ಅವಸ್ಥೆಯ ಲಕ್ಷಣವಾಗಿರಬಹುದು. ಅದನ್ನು ನರಹುಲಿಯೆಂದು ಬಗೆದು ಸುಡುತ್ತ ಕುಳಿತರೆ ರೋಗಿ ಕೆಟ್ಟ, ಸರಿಯಾಗಿ ಗುರುತಿಸಿದರೆ ಒಂದು ಪೆನಿಸಿಲಿನ್ ಚುಚ್ಚುಮದ್ದಿನಿಂದ ಉಳಿದ. ಆದ್ದರಿಂದಲೇ ನರಹುಲಿಯ ರೋಗಿಗೆ ಸಿಫಿಲಿಸ್ ಮತ್ತು ಎಚ್‌ಐವಿಯ ರಕ್ತಪರೀಕ್ಷೆಗಳನ್ನು ವೈದ್ಯರು ಹೇಳುವುದು, ಅವನ ನಡತೆಯ ಮೇಲಿನ ಅನುಮಾನದಿಂದಲ್ಲ.

ಚಿಕಿತ್ಸೆಯ ಮಾತಿಗೆ ಬರೋಣ. ಸುಶ್ರುತಾಚಾರ್ಯನು ಅರ್ಶಸ್ಸೆಂಬ ಹೆಸರಿನಡಿಯಲ್ಲಿ ಗುದದ ಮೊಳೆಗಳನ್ನು ಮಾತ್ರವಲ್ಲದೆ ಗುಹ್ಯಾಂಗದಲ್ಲಿ ಬೆಳೆಯುವ ಮಾಂಸಾಂಕುರಗಳನ್ನೂ ಹೇಳಿ, ಅರ್ಶಸ್ಸಿನ ನಿವಾರಣೆಗೆ ಭೇಷಜ, ಕ್ಷಾರ, ಅಗ್ನಿ, ಶಸ್ತ್ರ ಎಂದು ನಾಲ್ಕು ಉಪಾಯಗಳನ್ನು ಎಣಿಸಿದ್ದಾನೆ. ಅವನು ಕಂಡದ್ದೆಲ್ಲ ಇಂದಿನ ಈ ನರಹುಲಿಯೇ ಎಂದು ವಾದಿಸುವುದು ಅತ್ಯುತ್ಸಾಹವಾದೀತು. ಆದರೂ ಇಂದಿನ ಚರ್ಮವೈದ್ಯನ ಮೇಜಿನ ಮೇಲಿರುವ ಸಾಮಗ್ರಿಯನ್ನೆಲ್ಲ ಈ ನಾಲ್ಕು ಮಾತುಗಳಲ್ಲಿ ಅಡಕಗೊಳಿಸಬಹುದಾಗಿದೆ. ಅಗ್ನಿಯ ಪಕ್ಕದಲ್ಲಿ ಹಿಮವೊಂದನ್ನು ನಾವು ಸೇರಿಸಿದ್ದೇವೆ.

ಭೇಷಜಗಳಲ್ಲಿ ಹಿರಿಯದು ಪೊಡೊಫಿಲಿನ್. ಹಿಮಾಲಯದ ತಪ್ಪಲಿನಲ್ಲಿ ಬೆಳೆಯುವ, ಅಲ್ಲಿನ ಜನ ಬನಕಕ್ಡಿಯೆಂದು ಕರೆಯುವ ಗಿಡದ ಬೇರಿನಿಂದಲೂ, ಅಮೆರಿಕದ ಕಾಡುಗಳಲ್ಲಿರುವ ಅದರ ಸೋದರ ಸಸ್ಯದಿಂದಲೂ ಇಳಿಸುವ ರಾಳವಿದು. ಪೂರ್ವದಲ್ಲಿ ಭೇದಿ ಮಾಡಿಸುವ ಔಷಧವಾಗಿದ್ದ ಇದನ್ನು 1942ರಲ್ಲಿ ಕಾಪ್ಲನ್ ಎಂಬ ಅಮೆರಿಕದ ವೈದ್ಯನು ಗುಹ್ಯಾಂಗದ ನರಹುಲಿಗೆ ಹಚ್ಚಿ ಗುಣ ಕಂಡುದಾಗಿ ಪ್ರಕಟಿಸಿದ ಮೇಲೆ, ಯುದ್ಧಕಾಲದ ಸೈನಿಕರ ಆಸ್ಪತ್ರೆಗಳಿಂದ ಮೊದಲುಗೊಂಡು ಲೋಕವೆಲ್ಲ ಇದು ವ್ಯಾಪಿಸಿತು. ಇಬ್ಭಾಗವಾಗಲಿರುವ ಜೀವಕೋಶವನ್ನು ಅರ್ಧದಲ್ಲಿಯೇ ತಡೆದು ಕೊಲ್ಲುವುದು ಇದರ ಗುಣ. ಇದೇ ವಸ್ತುವಿನಿಂದ ಮುಂದೆ ಎಟೊಪೊಸೈಡ್ ಎಂಬ ಕ್ಯಾನ್ಸರ್ ಔಷಧವು ತಯಾರಾಯಿತು. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಇಂದಿಗೂ ಇದರ ಬಳಕೆಯುಂಟು. ವೈದ್ಯನು ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲೀನ್ ಸವರಿ, ಬೆಂಜೊಯಿನ್ ಟಿಂಕ್ಚರಿನಲ್ಲಿ ಕರಗಿಸಿದ ಕಂದು ದ್ರವವನ್ನು ಕಡ್ಡಿಯ ತುದಿಯ ಹತ್ತಿಯಿಂದ ಗಂಟಿಗೆ ಮಾತ್ರ ಮುಟ್ಟಿಸಿ, ಅದು ಆರುವವರೆಗೆ ರೋಗಿಯನ್ನು ಅಲ್ಲಾಡದಂತೆ ಮಲಗಿಸಿರಬೇಕು, ನಾಲ್ಕು ಗಂಟೆಯೊಳಗೆ ರೋಗಿಯು ಅದನ್ನು ಚೆನ್ನಾಗಿ ತೊಳೆದುಕೊಳ್ಳಬೇಕು, ವಾರಕ್ಕೊಮ್ಮೆ ಬರಬೇಕು. ಅಗ್ಗವೇನೋ ಹೌದು. ಆದರೆ ರಾಳದ ಬಲವು ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಹಿಮಾಲಯದ ಬೇರಿನದು ಅಮೆರಿಕದ ಬೇರಿನದಕ್ಕಿಂತ ತೀಕ್ಷ್ಣ. ವಿಶಾಲವಾದ ಅಥವಾ ಹಸಿಗಾಯವಿರುವ ಭಾಗಕ್ಕೆ ಧಾರಾಳವಾಗಿ ಬಳಿದಾಗ ರಕ್ತಕ್ಕೆ ಸೇರಿ, ನರಗಳನ್ನು ಕೆಡಿಸಿ, ಪ್ರಾಣಾಪಾಯವೇ ಆದ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಗರ್ಭಿಣಿಯರಿಗೆ ಇದು ಸರ್ವಥಾ ನಿಷಿದ್ಧ.

ಈ ದೋಷಗಳನ್ನು ಕಳೆದು ಶುದ್ಧಸತ್ವವನ್ನಷ್ಟೇ ಬೇರ್ಪಡಿಸಿ ಮಾಡಿದುದು ಪೊಡೊಫಿಲೊಟಾಕ್ಸಿನ್. ಇದನ್ನು ರೋಗಿಯು ಮನೆಯಲ್ಲಿಯೇ ಹಚ್ಚಿಕೊಳ್ಳಬಹುದು: ದಿನಕ್ಕೆ ಎರಡು ಬಾರಿಯಂತೆ ಮೂರು ದಿನ ಹಚ್ಚಿ, ನಾಲ್ಕು ದಿನ ಬಿಟ್ಟು, ಅವಶ್ಯವಿದ್ದರೆ ಇದೇ ಕ್ರಮವನ್ನು ಒಟ್ಟು ನಾಲ್ಕು ವಾರಗಳವರೆಗೆ ನಡೆಸಬಹುದು. ನಾಲ್ಕು ದಿನ ಬಿಡುವುದು ಸೋಮಾರಿತನವಲ್ಲ, ಚಿಕಿತ್ಸೆಯ ಅಂಗ. ಬೇಗ ಗುಣವಾಗಲೆಂದು ದಿನವೂ ಹಚ್ಚಿಕೊಂಡು ಚರ್ಮವನ್ನು ಸುಲಿದುಕೊಂಡು ಬರುವವರನ್ನು ಪ್ರತಿ ಚರ್ಮವೈದ್ಯನೂ ಕಂಡಿದ್ದಾನೆ. ಇದೂ ಗರ್ಭಿಣಿಯರಿಗೆ ಸಲ್ಲದು.

ಇಮಿಕ್ವಿಮೋಡ್ ಎಂಬ ಮುಲಾಮಿನ ದಾರಿಯೇ ಬೇರೆ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧವು ಗಂಟನ್ನು ತಾನಾಗಿ ಕೊಲ್ಲುವುದಿಲ್ಲ; ಆ ಎಡೆಯಲ್ಲಿ ಮಲಗಿರುವ ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸಿ, ಅದರ ಕೈಯಿಂದ ಕೆಲಸ ಮಾಡಿಸುತ್ತದೆ. ವಾರದಲ್ಲಿ ಮೂರು ರಾತ್ರಿ ಮಲಗುವಾಗ ಹಚ್ಚಿ, ಬೆಳಿಗ್ಗೆ ಸಾಬೂನಿನಿಂದ ತೊಳೆಯಬೇಕು. ಹೀಗೆ 16 ವಾರಗಳವರೆಗೆ ಮುಂದುವರಿಸಬಹುದು. ಪರೀಕ್ಷೆಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪೂರ್ತಿ ಗುಣವಾದುದು ಕಂಡುಬಂದಿದೆ. ಮೃದುವಾದ ತೇವದ ಚರ್ಮದಲ್ಲಿ ಔಷಧ ಚೆನ್ನಾಗಿ ಇಳಿಯುವುದರಿಂದ ಪುರುಷರಿಗಿಂತ ಸ್ತ್ರೀಯರಲ್ಲಿ ಫಲ ಅಧಿಕ. ನಿಧಾನವೇ ಇದರ ದೊಡ್ಡ ಕೊರತೆ; ಗುಣವಾದ ಮೇಲೆ ಮರುಕಳಿಸುವುದು ಕಡಮೆಯೆಂಬುದೇ ಇದರ ದೊಡ್ಡ ಗುಣ. ಹಚ್ಚಿದ ಎಡೆ ಕೆಂಪಾಗಿ ಉರಿಯುತ್ತದೆ, ಕೆಲವೊಮ್ಮೆ ಹುಣ್ಣಾಗುತ್ತದೆ, ಕೆಲವರಿಗೆ ಮೈಕೈ ನೋವು ಜ್ವರದ ಛಾಯೆಯೂ ಬರುತ್ತದೆ. ನಮ್ಮಂಥ ಶ್ಯಾಮಲವರ್ಣದವರಲ್ಲಿ ಆ ಎಡೆಯು ಬಣ್ಣಗೆಟ್ಟು ಬಿಳಿಚುವುದೂ ಉಂಟು. ಈ ಮುಲಾಮು ಕಾಂಡೋಮನ್ನು ದುರ್ಬಲಗೊಳಿಸಬಲ್ಲದೆಂಬುದನ್ನು ಮದುವೆಯಾದವರು ತಪ್ಪದೆ ತಿಳಿದಿರಬೇಕು. ಹಸಿರು ಚಹಾದ ಸತ್ವದಿಂದ ಮಾಡಿದ ಮುಲಾಮೊಂದಕ್ಕೆ ಅಮೆರಿಕದಲ್ಲಿ 2006ರಲ್ಲಿ ಅನುಮತಿ ದೊರೆತಿದೆ. ದಿನಕ್ಕೆ ಮೂರು ಸಲ ತಿಂಗಳುಗಟ್ಟಲೆ ಹಚ್ಚುವ ತಾಳ್ಮೆ ಎಷ್ಟು ಮಂದಿಗಿದ್ದೀತು? ಅದನ್ನು ಇಲ್ಲಿಗೇ ಬಿಡುತ್ತೇನೆ.

ಕ್ಷಾರದ ಸ್ಥಾನದಲ್ಲಿ ಇಂದು ಆಮ್ಲವಿದೆ: ಟ್ರೈಕ್ಲೋರೋ ಅಸೆಟಿಕ್ ಆಮ್ಲ, ನೂರಕ್ಕೆ 80ರಿಂದ 90ರಷ್ಟು ಗಾಢವಾದದ್ದು. ನೀರಿನಷ್ಟು ತೆಳುವಾದುದರಿಂದ ಒಂದು ಹನಿ ಹೆಚ್ಚಾದರೂ ಹರಿದು ಒಳ್ಳೆಯ ಚರ್ಮವನ್ನು ಸುಡುತ್ತದೆ. ಅನುಭವಸ್ಥರು ಚೂಪಾದ ಕಡ್ಡಿಯ ತುದಿಯನ್ನು ಅದ್ದಿ, ಸೀಸೆಯ ಬಾಯಿಗೆ ಒರೆಸಿ, ಮಿಕ್ಕಿದ ತೇವವನ್ನಷ್ಟೇ ಗಂಟಿಗೆ ಮುಟ್ಟಿಸುತ್ತಾರೆ. ನೋಡುತ್ತಿರುವಂತೆಯೇ ಅದು ಹಿಮ ಹೊದ್ದಂತೆ ಬೆಳ್ಳಗಾಗುತ್ತದೆ. ಪಕ್ಕದಲ್ಲಿ ಅಡಿಗೆ ಸೋಡವೋ ಸಾಬೂನಿನ ನೀರೋ ಸಿದ್ಧವಿರಬೇಕು, ಉರಿ ಹೆಚ್ಚಾದರೆ ಆಮ್ಲವನ್ನು ತಟಸ್ಥಗೊಳಿಸಲು. ಈ ಆಮ್ಲವು ರಕ್ತಕ್ಕೆ ಸೇರಿ ಕೂಸನ್ನು ಬಾಧಿಸುವುದಿಲ್ಲವಾದ್ದರಿಂದ ಗರ್ಭಿಣಿಯರಿಗೆ ಇದು ಸಲ್ಲುತ್ತದೆ. ಇದೊಂದೇ ಗುಣಕ್ಕಾಗಿ ನಾನು ಇದಕ್ಕೆ ಗೌರವ ಕೊಡುತ್ತೇನೆ. ಆದರೆ ಶ್ರೋತೃಗಳೆ, ವೈದ್ಯನು ಆಮ್ಲ ಹಚ್ಚುತ್ತಾನೆಂದು ಕೇಳಿ, ಮನೆಯಲ್ಲಿ ಸುಣ್ಣಕ್ಕೆ ಬಟ್ಟೆ ಸೋಡ ಕಲಸಿಯೋ, ಗೇರಿನ ಸಿಪ್ಪೆಯ ಎಣ್ಣೆಯನ್ನು ತಂದೋ ಆ ಸೂಕ್ಷ್ಮಾಂಗಕ್ಕೆ ಹಚ್ಚುವ ಸಾಹಸವನ್ನು ದಯಮಾಡಿ ಮಾಡಬೇಡಿ. ಅಂಗೈಯ ದಪ್ಪ ಚರ್ಮ ತಾಳಿಕೊಂಡದ್ದನ್ನು ಅಲ್ಲಿಯ ಚರ್ಮ ತಾಳದು. ಗಾಯವಾಗಿ, ಕೀವಾಗಿ, ಕೊನೆಗೆ ಮೂತ್ರ ಮಾಡಲೂ ಅಸಾಧ್ಯವಾಗಿ ಬರುವವರಿದ್ದಾರೆ.

ಇನ್ನು ಹಿಮ. ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುವ ದ್ರವ ಸಾರಜನಕವನ್ನು ಗಂಟಿನ ಮೇಲೆ ಕೆಲವು ಸೆಕೆಂಡುಗಳ ಕಾಲ ಸಿಂಪಡಿಸಿದರೆ ಅದೂ ಅದರ ಸುತ್ತ ಎಳೆಯಂಥ ಅಂಚೂ ಬೆಳ್ಳಗೆ ಹೆಪ್ಪುಗಟ್ಟುತ್ತವೆ. ಕರಗಲು ಬಿಟ್ಟು ಮತ್ತೊಮ್ಮೆ ಸಿಂಪಡಿಸುವುದೂ ಉಂಟು. ಚುರುಕಾದ ಉರಿ, ಮರುದಿನ ಬೊಬ್ಬೆ, ಒಂದೆರಡು ವಾರದಲ್ಲಿ ಮಾಯುವಿಕೆ, ಅವಶ್ಯವಿದ್ದರೆ ಮತ್ತೆ ಅದೇ. ಅರಿವಳಿಕೆ ಸಾಮಾನ್ಯವಾಗಿ ಬೇಡ, ಕಲೆ ಕಡಮೆ, ಗರ್ಭಿಣಿಯರಿಗೂ ಸಲ್ಲುತ್ತದೆ. ತೊಡಕೆಂದರೆ ಆ ದ್ರವವು ಪಾತ್ರೆಯಲ್ಲಿ ಬಹುದಿನ ನಿಲ್ಲದೆ ಆವಿಯಾಗುವುದು. ತಾಲ್ಲೂಕಿನ ಪಶುವೈದ್ಯಶಾಲೆಯಲ್ಲಿ ಹೋರಿಯ ವೀರ್ಯವನ್ನು ಕಾಪಾಡಲು ಇದೇ ದ್ರವ ಸಾರಜನಕದ ಕ್ಯಾನುಗಳು ನೇಮದಿಂದ ಬರುತ್ತಿರಲು, ಎದುರಿನ ಮನುಷ್ಯರ ಆಸ್ಪತ್ರೆಯಲ್ಲಿ ಅದಿಲ್ಲದಿರುವುದನ್ನು ಕಂಡಾಗ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಅಗ್ನಿಯೆಂದರೆ ಈಗ ವಿದ್ಯುತ್ತು. ಚುಚ್ಚುಮದ್ದಿನಿಂದ ಎಡೆಯನ್ನು ಮರಗಟ್ಟಿಸಿ, ಕಾದ ಸೂಜಿಯಿಂದ ಗಂಟನ್ನು ಸುಟ್ಟು ಕೆರೆದು ತೆಗೆಯುತ್ತಾರೆ. ಏಳುವ ಹೊಗೆಯಲ್ಲಿಯೂ ವೈರಾಣುವಿನ ಅಂಶಗಳಿರುವುದು ಕಂಡುಬಂದಿರುವುದರಿಂದ ವೈದ್ಯನು ಮುಖವಸ್ತ್ರ ಧರಿಸಿ, ಹೊಗೆಯನ್ನು ಹೀರುವ ಯಂತ್ರವನ್ನು ನಡೆಸತಕ್ಕದ್ದು. ಶಸ್ತ್ರವೆಂದರೆ ತೊಟ್ಟಿನಂತೆ ಎದ್ದಿರುವ ಗಂಟನ್ನು ಸಣ್ಣ ಕತ್ತರಿಯಿಂದ ಬುಡದಲ್ಲಿ ಕತ್ತರಿಸುವುದು. ಈ ಎರಡರಲ್ಲಿಯೂ ರೋಗಿಯು ಒಂದೇ ಭೇಟಿಯಲ್ಲಿ ಗಂಟಿಲ್ಲದವನಾಗಿ ಮನೆಗೆ ಹೋಗಬಹುದೆಂಬ ಅನುಕೂಲವು ಇದುವರೆಗೆ ಹೇಳಿದ ಬೇರಾವುದರಲ್ಲಿಯೂ ಇಲ್ಲ. ಹೂಕೋಸಿನ ಗಾತ್ರಕ್ಕೆ ಬೆಳೆದವಕ್ಕೆ, ತಿಂಗಳುಗಟ್ಟಲೆ ಮುಲಾಮಿಗೆ ಜಗ್ಗದವಕ್ಕೆ ಇವೇ ಗತಿ. ಲೇಸರಿನ ಹೆಸರು ಕೇಳಿ ಮೋಹಗೊಳ್ಳುವವರಿಗೆ ಒಂದು ಮಾತು: ಮೂತ್ರನಾಳದ ಒಳಗೂ ಅತಿ ವಿಸ್ತಾರವಾದ ಎಡೆಗಳಲ್ಲಿಯೂ ಅದು ಉಪಯುಕ್ತವೇ ಸರಿ, ಹೊರಗಿನ ನಾಲ್ಕಾರು ಗಂಟುಗಳಿಗೆ ಕತ್ತರಿ ಮಾಡದಿರುವುದನ್ನು ಅದು ಮಾಡೀತೆಂದು ನಾನು ನಂಬುವುದಿಲ್ಲ, ಬಿಲ್ಲನ್ನು ಬಿಟ್ಟರೆ.

ಗಂಟಿನೊಳಕ್ಕೆ ದಡಾರದ ಲಸಿಕೆಯನ್ನೋ ಕ್ಷಯದ ಲಸಿಕೆಯನ್ನೋ ಚುಚ್ಚಿ, ದೇಹದ ನಿರೋಧಕ ಶಕ್ತಿಯು ಆ ನೆವದಿಂದ ನರಹುಲಿಯತ್ತಲೂ ತಿರುಗುವಂತೆ ಮಾಡುವ ಪ್ರಯೋಗಗಳನ್ನು ನಮ್ಮ ದೇಶದ ಚರ್ಮವೈದ್ಯರು ಆಸ್ಥೆಯಿಂದ ನಡೆಸುತ್ತಿದ್ದಾರೆ. ಒಂದು ಗಂಟಿಗೆ ಚುಚ್ಚಿದರೆ ದೂರದವೂ ಕರಗುವುದು ಕುತೂಹಲಕರವಾದರೂ, ಮೊದಲ ಸಾಲಿನ ಚಿಕಿತ್ಸೆಯೆನ್ನಲು ಕಾಲವಿನ್ನೂ ಬಂದಿಲ್ಲ.

ಹಾಗಾದರೆ ಯಾವುದು ಉತ್ತಮ? ಎಲ್ಲರಿಗೂ ಎಲ್ಲಕ್ಕೂ ಮೇಲಾದುದೊಂದಿದೆಯೆಂದು ಇದುವರೆಗಿನ ಪರೀಕ್ಷೆಗಳು ತೋರಿಸಿಲ್ಲ. ಶಸ್ತ್ರವು ಬೇಗ ತೆಗೆಯುತ್ತದೆ, ಆದರೆ ನೂರಕ್ಕೆ 20ರಿಂದ 30ರಷ್ಟು ಮಂದಿಯಲ್ಲಿ ಗಂಟು ಮರಳುತ್ತದೆ. ಮುಲಾಮು ತಡವಾಗಿ ತೆಗೆಯುತ್ತದೆ, ಮತ್ತು ತೆಗೆಯುವ ಮೊದಲೇ ರೋಗಿಯು ಅದನ್ನು ಬಿಟ್ಟಿರುತ್ತಾನೆ. ನನ್ನ ಪಕ್ಷಪಾತವನ್ನು ಹೇಳಿಬಿಡುತ್ತೇನೆ: ಗಂಟುಗಳು ನಾಲ್ಕಾರೇ ಆಗಿದ್ದು, ಹಿಮಚಿಕಿತ್ಸೆ ಹತ್ತಿರದಲ್ಲಿ ದೊರೆಯುವುದಾದರೆ ಅದರಿಂದಲೇ ಆರಂಭಿಸುವುದು ಮೇಲು. ಗಂಟು ತನ್ನ ಕಣ್ಣಿಗೆ ಕಾಣುವಂತಿದ್ದು, ಕೈಗೆ ಎಟಕುವಂತಿದ್ದು, ರೋಗಿಯು ಹೇಳಿದ ಕ್ರಮವನ್ನು ಬಿಡದೆ ನಡೆಸುವವನಾದರೆ ಮಾತ್ರ ಮನೆಯಲ್ಲಿ ಹಚ್ಚಿಕೊಳ್ಳುವ ಔಷಧ. ಎಚ್‌ಐವಿಯಿಂದಲೋ, ಅಂಗಾಂಗ ಕಸಿಯ ಔಷಧಗಳಿಂದಲೋ ನಿರೋಧಕ ಶಕ್ತಿ ಕುಂದಿದವರಲ್ಲಿ ಯಾವ ಚಿಕಿತ್ಸೆಯೂ ತಡವಾಗಿ ಫಲಿಸುತ್ತದೆ, ಬೇಗ ಮರುಕಳಿಸುತ್ತದೆ, ಅವರು ಎದೆಗುಂದಬಾರದು. ಗರ್ಭಿಣಿಯರಲ್ಲಿ ಗಂಟುಗಳು ಬೇಗ ಹಿಗ್ಗಿ, ಹೆರಿಗೆಯ ಬಳಿಕ ಹಲವು ವೇಳೆ ತಾವಾಗಿ ಕುಗ್ಗುತ್ತವೆ. ದಾರಿಗೆ ಅಡ್ಡವಾಗುವಷ್ಟು ದೊಡ್ಡವಾಗಿದ್ದರೆ ಅಥವಾ ರಕ್ತಸ್ರಾವದ ಭಯವಿದ್ದರೆ ಮಾತ್ರ ಸಿಸೇರಿಯನ್, ಉಳಿದಂತೆ ಬೇಡ.

ನಮ್ಮ ಹೊರರೋಗಿ ವಿಭಾಗಗಳಲ್ಲಿ ದಿನವೂ ನಡೆಯುವ ಸಂಭಾಷಣೆಯೊಂದಿದೆ. ಚಿಕಿತ್ಸೆಯೆಲ್ಲ ಮುಗಿದು, ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ ತರುಣನು ಬಾಗಿಲವರೆಗೆ ಹೋಗಿ ನಿಲ್ಲುತ್ತಾನೆ. “ಡಾಕ್ಟ್ರೇ, ಇನ್ನೊಂದು ಮಾತು. ಮನೇಲಿ ಹೇಳಬೇಕಾ?” “ಹೇಳಬೇಕಪ್ಪಾ. ಬರೋ ವಾರ ಅವರನ್ನೂ ಕರಕೊಂಡು ಬಾ.” “ಗಂಟು ಹೋದ್ಮೇಲೆ ಇನ್ನು ಯಾರಿಗೂ ಅಂಟಲ್ಲ ತಾನೆ?” ಇದಕ್ಕೆ ಉತ್ತರವು ಅಷ್ಟು ಸರಳವಲ್ಲ. ಗಂಟು ಇರುವವರೆಗೆ ಸಂಭೋಗವನ್ನು ವರ್ಜಿಸುವುದು ಲೇಸು. ಹೋದ ಮೇಲೆಯೂ ಸ್ವಲ್ಪಕಾಲ ಸೋಂಕು ಉಳಿದಿರಬಹುದು. ಕಾಂಡೋಮು ಅಪಾಯವನ್ನು ತಗ್ಗಿಸುತ್ತದೆ. ಅದು ಮುಚ್ಚದ ಚರ್ಮದಲ್ಲಿಯೂ ವೈರಾಣುವಿರುವುದರಿಂದ ಪೂರ್ತಿ ತಡೆಯಲಾರದು. ಮರುಕಳಿಕೆಯಲ್ಲಿ ಬಹುಪಾಲು ಮೊದಲ ಮೂರು ತಿಂಗಳುಗಳಲ್ಲಿಯೇ ಕಾಣುವುದರಿಂದ ಆ ಅವಧಿಯಲ್ಲಿ ಎಚ್ಚರ ಅಧಿಕವಾಗಿರಬೇಕು.

ಇಷ್ಟೆಲ್ಲ ಚಿಕಿತ್ಸೆಗಳನ್ನು ಹೋಲಿಸಿದ ಮೇಲೆ, ಅವೆಲ್ಲಕ್ಕೂ ಮೇಲಾದ ಲಸಿಕೆಯ ಮಾತನ್ನು ಆಡದಿದ್ದರೆ ಅಪಚಾರವಾದೀತು. 6, 11, 16, 18 ಎಂಬ ನಾಲ್ಕು ಪ್ರಭೇದಗಳನ್ನೂ ತಡೆಯುವ ಲಸಿಕೆಯು 2006ರಿಂದ ಬಳಕೆಯಲ್ಲಿದೆ. ಆಸ್ಟ್ರೇಲಿಯವು 2007ರಲ್ಲಿ ಅದನ್ನು ಬಾಲಿಕೆಯರಿಗೆ ರಾಷ್ಟ್ರಮಟ್ಟದಲ್ಲಿ ಕೊಡತೊಡಗಿತು. ಅಲ್ಲಿನ ಲೈಂಗಿಕ ಆರೋಗ್ಯ ಚಿಕಿತ್ಸಾಲಯಗಳಿಗೆ ಮೊದಲ ಬಾರಿಗೆ ಬಂದ 21 ವರ್ಷಕ್ಕಿಂತ ಕಿರಿಯ ಸ್ತ್ರೀಯರಲ್ಲಿ ನೂರಕ್ಕೆ 11.5ರಷ್ಟಿದ್ದ ನರಹುಲಿಯು 2011ರ ವೇಳೆಗೆ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಚಿಕಿತ್ಸೆಯಿಂದ ಎಂದೂ ಆಗದ ಕೆಲಸವಿದು. ಪುಣೆಯ ಸೀರಮ್ ಸಂಸ್ಥೆಯು ತಯಾರಿಸಿದ, ಇದೇ ನಾಲ್ಕು ಪ್ರಭೇದಗಳ ಲಸಿಕೆಗೆ ನಮ್ಮ ದೇಶದಲ್ಲಿ 2022ರಲ್ಲಿ ಅನುಮತಿ ದೊರೆತಿದೆ. ಸೋಂಕು ತಗುಲುವ ಮೊದಲು, ಒಂಬತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ಕೊಟ್ಟರೆ ಫಲ ಅಧಿಕ. ಆಗಲೇ ಮೂಡಿರುವ ಗಂಟನ್ನು ಅದು ಕರಗಿಸುವುದಿಲ್ಲ.

ಶ್ರೋತೃಗಳಲ್ಲಿ ಯಾರಿಗಾದರೂ ಈ ಬಾಧೆಯಿದ್ದರೆ ಜಿಲ್ಲಾ ಆಸ್ಪತ್ರೆಯ ಚರ್ಮ ಮತ್ತು ಲೈಂಗಿಕ ರೋಗ ವಿಭಾಗಕ್ಕೋ, ಸರಕಾರಿ ಆಸ್ಪತ್ರೆಗಳಲ್ಲಿ ಈ ಕಾರ್ಯಕ್ಕಾಗಿಯೇ ಇರುವ ಸುರಕ್ಷಾ ಕ್ಲಿನಿಕ್ಕಿಗೋ ಹೋಗಿ. ಅಲ್ಲಿ ನಿಮ್ಮ ವಿಷಯವನ್ನು ಗುಟ್ಟಾಗಿಡುತ್ತಾರೆ. ಹೋಗುವಾಗ ಇದುವರೆಗೆ ಹಚ್ಚಿಕೊಂಡ ಔಷಧದ ಸೀಸೆಯನ್ನೋ ಟ್ಯೂಬನ್ನೋ, ಅದು ಎಂಥದೇ ಆಗಿರಲಿ, ಬಿಸಾಡದೆ ಜೊತೆಯಲ್ಲಿ ಒಯ್ಯಿರಿ, ಗರ್ಭಿಣಿಯಾಗಿದ್ದರೆ ಆ ಮಾತನ್ನು ಮೊದಲೇ ಹೇಳಿರಿ, ಮತ್ತು ಸಾಧ್ಯವಾದರೆ ಗಂಡಹೆಂಡಿರು ಒಟ್ಟಿಗೆ ಹೋಗಿರಿ.